ಮನೆಯವರ ಪಂಕ್ತಿ

ನನ್ನ ತಂಗಿ ನನ್ನನ್ನು ‘ನೀವು’ ಎನ್ನಲು ಶುರುಮಾಡಿ ಎರಡು ವರ್ಷವಾಗುತ್ತಾ ಬಂತು. ಮೊನ್ನೆ ಸ್ಪೀಕರ್ ಹಾಕಿದ್ದ ಫೋನಿನಲ್ಲಿ ಅವಳು ಮಾತಾಡಿದ್ದನ್ನು ಕೇಳಿಸಿಕೊಂಡ ಗಿರಾಕಿಯೊಬ್ಬರು, ‘ಎಂಥಾ ಮರ್ಯಾದಸ್ಥ ತಂಗಿ ರೀ ನಿಮ್ಮದು. ಈಗಿನ ಕಾಲದಲ್ಲಿ ಒಡಹುಟ್ಟಿದ ಅಣ್ಣಂಗೆ ಯಾರು ಹೀಗೆ ಬಹುವಚನ ಕೊಡ್ತಾರೆ?’ ಎಂದರು. ನಾನು ತಲೆಯಾಡಿಸಿ, ಅವರ ಡಬ್ಬಿಯನ್ನು ಬಣ್ಣ ಕಲಸುವ ಯಂತ್ರಕ್ಕೆ ಸಿಕ್ಕಿಸಿ ಸ್ವಿಚ್ ಹಾಕಿದೆ. ಆ ಯಂತ್ರ ಗಡಗಡ ಎನ್ನುವಾಗ ಯಾರೂ ಯಾರನ್ನೂ ಏನೂ ಕೇಳಲಾಗುವುದಿಲ್ಲ.

ನಾವಿಬ್ಬರೂ ಬೆಳೆದದ್ದು ಭದ್ರಾವತಿಯ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ. ಅಪ್ಪ ಕಾರ್ಖಾನೆಯಲ್ಲಿದ್ದರು. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟೆ. ನನಗಿಂತ ಆರು ವರ್ಷ ಚಿಕ್ಕವಳಾದ ಅವಳು ಡಿಗ್ರಿ ಮುಗಿಸಿದಳು. ‘ತಂಗಿ ಓದಲಿ ಅಂತ ನಾನು ಬಿಟ್ಟೆ’ ಎಂದು ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಎರಡು ಸಲ ಫೇಲಾದೆ, ಮೂರನೇ ಸಲ ಅದೇ ಬೆಂಚಿನಲ್ಲಿ ಕೂರಲು ನಾಚಿಕೆಯಾಯಿತು, ಬಣ್ಣ ಹೊಡೆಯುವವರ ಜೊತೆ ಏಣಿ ಹತ್ತಿದೆ. ಈ ಸುಳ್ಳನ್ನು ಅವಳ ಎದುರಿಗೇ ಹೇಳಿದ್ದೇನೆ. ಅವಳು ಒಂದು ಸಲವೂ ಅಲ್ಲಗಳೆದಿಲ್ಲ. ಈಗ ಶಿವಮೊಗ್ಗದಲ್ಲಿ ನನ್ನದೇ ಬಣ್ಣದ ಅಂಗಡಿ, ರಾಗಿಗುಡ್ಡದ ಹತ್ತಿರ ಮನೆ. ಇಂಗ್ಲಿಷಿನಲ್ಲಿ ಏನು ಬಂದರೂ ಅವಳೇ ಓದಿ ಹೇಳಬೇಕು. ಅವಳು ಭದ್ರಾವತಿಯಲ್ಲೇ ಉಳಿದಳು. ಗಂಡ ಲೇತ್ ಕೆಲಸದವನು, ಅವಳು ನರ್ಸರಿ ಶಾಲೆಯಲ್ಲಿ ಟೀಚರ್.

ಮುಂದಿನದು ಅರ್ಥವಾಗಬೇಕಾದರೆ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ನಾಮಕರಣವಿರಲಿ, ಮದುವೆಯಿರಲಿ, ಮೊದಲನೇ ಪಂಕ್ತಿ ಬಂದವರದು, ಕಡೇ ಪಂಕ್ತಿ ಮನೆಯವರದು. ಮಕ್ಕಳಿಗೂ ಅದೇ ಕಾನೂನು. ನಾನು ಸಾರಿನ ಬಕೆಟ್ ಹಿಡಿಯುತ್ತಿದ್ದೆ, ಅವಳು ಉಪ್ಪು, ಉಪ್ಪಿನಕಾಯಿ. ನಮ್ಮ ಕಣ್ಣು ಎಲೆಯ ಮೇಲೆ ಹೋದರೆ ಅಮ್ಮ ಅಡುಗೆಮನೆ ಬಾಗಿಲಿಂದಲೇ ಗದರುತ್ತಿದ್ದಳು: ‘ಹಸಿವಾದ್ರೆ ತಡ್ಕೊಳ್ಳಿ. ಮೊದಲನೇ ಪಂಕ್ತೀಲಿ ಕೂತ್ರೆ ನೆಂಟರಾಗಿ ಹೋಗ್ತೀರ.’ ಕಡೇ ಪಂಕ್ತಿಯ ಹೊತ್ತಿಗೆ ಸಿಹಿ ಮುಗಿದಿರುತ್ತಿತ್ತು, ಪಲ್ಯದಲ್ಲಿ ಒಗ್ಗರಣೆಯ ಸಾಸಿವೆಯಷ್ಟೇ ಉಳಿದಿರುತ್ತಿತ್ತು. ಆದರೆ ಆ ಪಂಕ್ತಿಯಲ್ಲಿ ಯಾರೂ ಯಾರನ್ನೂ ಏಳಿಸುವವರಿಲ್ಲ. ಚಿಕ್ಕಪ್ಪಂದಿರು ಬನಿಯನ್ನಿನಲ್ಲೇ ಕೂರುತ್ತಿದ್ದರು. ಆವತ್ತು ಬಂದವರನ್ನೆಲ್ಲ ಆಡಿಕೊಂಡು ನಗುವುದಕ್ಕೆ ಅದೇ ಜಾಗ. ನಾನು ಮೊದಲೇ ಒಂದು ಲಾಡು ಎತ್ತಿ, ಒಂದು ಲೋಟ ಕವುಚಿ ಅದರೊಳಗೆ ಬಚ್ಚಿಟ್ಟಿರುತ್ತಿದ್ದೆ. ಪಕ್ಕದಲ್ಲಿ ಕೂತ ಅವಳು ಲೋಟ ಎತ್ತಿ, ಮುರಿದು, ದೊಡ್ಡ ತುಂಡನ್ನು ತಾನಿಟ್ಟುಕೊಂಡು ಚಿಕ್ಕದನ್ನು ನನಗೆ ಕೊಡುತ್ತಿದ್ದಳು. ಅದೂ ಕಾನೂನೇ.

ಎರಡು ವರ್ಷದ ಹಿಂದೆ ಬಣ್ಣದ ಕಂಪನಿಯವರು ಚೆನ್ನಾಗಿ ವ್ಯಾಪಾರ ಮಾಡಿದ ಡೀಲರುಗಳನ್ನು ಹಡಗಿನಲ್ಲಿ ಟೂರ್ ಕರೆದುಕೊಂಡು ಹೋಗುತ್ತೇವೆ ಎಂದರು. ಮುಂಬೈಯಿಂದ ಹೊರಟು ಮೂರು ರಾತ್ರಿ ಸಮುದ್ರದ ಮೇಲೆ. ಮನೆಯವರನ್ನು ಕರೆತರಬಹುದು, ಜೊತೆಗೆ ಇನ್ನೊಂದು ರೂಮು ಬೇಕಾದರೂ ಕೊಡುತ್ತೇವೆ ಎಂದರು. ನನಗೆ ಐದು ಮತ್ತು ಮೂರು ವರ್ಷದ ಇಬ್ಬರು ಗಂಡುಮಕ್ಕಳು. ತಂಗಿಗೆ ಆರು ವರ್ಷದ ಮಗಳು, ಎರಡು ವರ್ಷದ ಮಗ. ಇನ್ನೊಂದು ರೂಮು ಎಂದ ಕೂಡಲೇ ನನಗೆ ತಂಗಿಯ ನೆನಪಾಯಿತು. ಸಮುದ್ರವನ್ನು ಅವಳು ಶಾಲೆಯ ಪ್ರವಾಸದಲ್ಲಿ ಒಂದು ಸಲ ಕಂಡದ್ದಷ್ಟೇ, ಪಾಪ, ಬರಲಿ ಎನಿಸಿದ್ದು ನಿಜ. ಅವಳು ಬಂದರೆ ನಮ್ಮ ಮಕ್ಕಳೂ ಅವಳಿಗೆ ಅಂಟಿಕೊಂಡಿರುತ್ತಾರೆ, ನಾವು ಗಂಡ ಹೆಂಡತಿ ಆರಾಮಾಗಿರಬಹುದು ಎನಿಸಿದ್ದೂ ಅಷ್ಟೇ ನಿಜ. ಎರಡರಲ್ಲಿ ಯಾವುದು ಮೊದಲು ಹೊಳೆಯಿತು ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಉತ್ತರ ಗೊತ್ತು, ಬರೆಯಲು ಕೈ ಬರುವುದಿಲ್ಲ.

ಫೋನಿಗೆ ಬಂದ ಫಾರಂ ತುಂಬಲು ಅವಳು ಒಂದು ಭಾನುವಾರ ಅಂಗಡಿಗೆ ಬಂದಳು. ಎಲ್ಲರ ಹೆಸರು, ವಯಸ್ಸು ತುಂಬಿ ಒಂದು ಪ್ರಶ್ನೆಗೆ ಬಂದು ನಿಂತಳು.

‘ಅಣ್ಣ, ರಾತ್ರಿ ಊಟದ ಟೈಮ್ ಕೇಳ್ತಾ ಇದಾರೆ. ಮೊದಲನೇದು ಆರೂವರೆಗೆ, ಎರಡನೇದು ಒಂಬತ್ತಕ್ಕೆ. ಒಂದೇ ಆರಿಸ್ಕೋಬೇಕಂತೆ, ಮೂರು ದಿನಕ್ಕೂ.’

‘ಅಂದ್ರೆ ಪಂಕ್ತಿ.’

‘ಹೂಂ. ಹಡಗು ಹತ್ತಿದ್ರೂ ಪಂಕ್ತಿ ಬಿಡಲಿಲ್ಲ ನೋಡು!’ ನಕ್ಕಳು. ‘ಆರೂವರೆನೇ ಹಾಕ್ತೀನಿ. ನನ್ ಮಗ ಎಂಟಕ್ಕೆಲ್ಲ ಬಿದ್ಕೊಂಡ್ಬಿಡ್ತಾನೆ. ಒಂಬತ್ತಕ್ಕೆ ಎಬ್ಬಿಸಿ ಕರ್ಕೊಂಡು ಹೋದ್ರೆ ಹಡಗು ಮುಳುಗೋ ಹಾಗೆ ಅಳ್ತಾನೆ.’

‘ಆರೂವರೆಗೆ ಯಾರಿಗೆ ಹಸಿವಾಗುತ್ತೆ ಮಾರಾಯ್ತಿ? ಅದು ಮಂಡಕ್ಕಿ ತಿನ್ನೋ ಹೊತ್ತು.’

‘ಹಂಗಾದ್ರೆ ನಿಮ್ ಕೋಟೆ ರೋಡಿಂದ ಮಂಡಕ್ಕಿ ಕಟ್ಟಿಸ್ಕೊಂಡು ಬಾ, ಹಡಗಿನ ಮೇಲೆ ಮಾರೋಣ.’

ಎಂಟೂ ಜನಕ್ಕೆ ಆರೂವರೆ ಎಂದೇ ಹಾಕಿದಳು, ಕಳಿಸಿದಳು. ಎಂಟು ಎಂದರೆ ನಾವು ನಾಲ್ವರು, ಅವಳು, ಅವಳ ಇಬ್ಬರು ಮಕ್ಕಳು, ಅವಳ ಗಂಡ. ಮಾರನೇ ದಿನವೇ ಅವಳ ಗಂಡನಿಗೆ ರಜೆ ಸಿಗುವುದಿಲ್ಲವೆಂದಾಗಿ ಏಳಾದೆವು.

ಎರಡು ದಿನದ ಮೇಲೆ ಕಂಪನಿಯ ಏರಿಯಾ ಮ್ಯಾನೇಜರ್ ಫೋನ್ ಮಾಡಿದ. ‘ಏನ್ ಯಜಮಾನ್ರೇ, ಆರೂವರೆಗೆ ಹಾಕ್ಕೊಂಡಿದೀರಿ? ಅದು ಮಕ್ಕಳು ಮುದುಕರ ಊಟ. ದೊಡ್ಡ ಸಾಹೇಬ್ರು ಒಂಬತ್ತಕ್ಕೆ ಕೂರ್ತಾರೆ. ನಿಮ್ಮನ್ನ ಅವರ ಟೇಬಲ್ಲಿಗೇ ಹಾಕ್ಸೋಣ ಅಂತಿದ್ದೆ. ಮಕ್ಕಳನ್ನ ನೋಡ್ಕೊಳ್ಳೋಕೆ ಯಾರಾದ್ರೂ ಇದಾರಲ್ಲ?’

ಇದ್ದಾರೆ ಎಂದೆ. ನಾವು ಗಂಡ ಹೆಂಡತಿ ಒಂಬತ್ತಕ್ಕೆ, ನಾಲ್ಕು ಮಕ್ಕಳು ಮತ್ತು ತಂಗಿ ಆರೂವರೆಗೆ ಎಂದು ಬದಲಾಯಿಸಿದ. ನನಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಮದುವೆ ಮನೆಯ ಲೆಕ್ಕವನ್ನೇ ಹಡಗಿಗೂ ಹಾಕಿದ್ದೆ. ಮೊದಲನೇ ಪಂಕ್ತಿಯಲ್ಲಿ ಮಕ್ಕಳಿಗೆ ತಿನ್ನಿಸಿದವಳು ಕಡೇ ಪಂಕ್ತಿಗೆ ಮನೆಯವರ ಜೊತೆ ಬಂದು ಕೂರುತ್ತಾಳೆ. ಅವಳನ್ನು ಯಾರು ಕೇಳುತ್ತಾರೆ? ಎಲೆ ಒಂದು ಹೆಚ್ಚಿಗೆ ಹಾಕಿದರಾಯಿತು.

ಅವಳಿಗೆ ಫೋನ್ ಮಾಡಿ ಹಾಗೇ ಹೇಳಿದೆ. ‘ನೀನು ಮಕ್ಕಳಿಗೆ ತಿನ್ಸಿ ಮಲಗ್ಸು. ಆಮೇಲೆ ನಮ್ ಜೊತೆ ಕಡೇ ಪಂಕ್ತಿಗೆ ಬಾ. ಇಬ್ರೂ ಪಕ್ಕಪಕ್ಕ ಕೂರೋಣ.’

‘ಹಂಗೆ ಬರೋಕೆ ಬಿಡ್ತಾರಾ? ಒಂದೇ ಟೈಮು ಅಂತ ಬರೆದಿತ್ತು. ಕೇಳಿದೀಯಾ?’

‘ಕೇಳಿದೀನಿ ಕಣೇ.’

ಕೇಳಿರಲಿಲ್ಲ.

ಹಡಗು ಹತ್ತುವಾಗ ಎಲ್ಲರಿಗೂ ಒಂದೊಂದು ಕಾರ್ಡು ಕೊಟ್ಟರು. ಊಟದ ಹೊತ್ತು ಅದರಲ್ಲೇ ಅಚ್ಚಾಗಿತ್ತು. ಅವಳದರಲ್ಲಿ ಆರೂವರೆ. ಅವಳು ಅದನ್ನು ಓದಿ ನನ್ನ ಮುಖ ನೋಡಿದಳು. ‘ಅದೇನಿಲ್ಲ, ಹೇಳಿದೀನಿ’ ಎಂದೆ. ನನ್ನ ಮಾತನ್ನು ನಂಬಿದಳು. ಅಚ್ಚಾದದ್ದನ್ನು ಓದಬಲ್ಲವಳು ಅದನ್ನು ಓದಲಾರದವನ ಮಾತು ನಂಬಿದಳು.

ಆವತ್ತು ಆರೂವರೆಗೆ ಊಟದ ಹಾಲಿನ ಗಾಜಿನಾಚೆ ನಿಂತು ಒಂದು ಕ್ಷಣ ನೋಡಿದೆ. ದೊಡ್ಡ ಟೇಬಲ್ಲು, ಸುತ್ತ ನಾಲ್ಕು ಮಕ್ಕಳು, ನಡುವೆ ಅವಳು. ಅವಳ ಮಗ ತೊಡೆಯ ಮೇಲೆ. ನನ್ನ ಚಿಕ್ಕವನು ಚಮಚ ಎಸೆಯುತ್ತಿದ್ದ, ದೊಡ್ಡವನು ಬೇರೆಯವರ ಟೇಬಲ್ಲಿನ ಕೆಳಗೆ ನುಗ್ಗಿದ್ದ. ಮಕ್ಕಳು ಕೇಳಿದ್ದೆಲ್ಲ ತರಿಸಿ, ಒಬ್ಬೊಬ್ಬರ ಬಾಯಿಗೆ ಇಡುತ್ತಿದ್ದಳು. ಅವಳ ಮುಂದಿನ ತಟ್ಟೆ ಮಗುಚಿದ್ದು ಮಗುಚಿದಂತೆಯೇ ಇತ್ತು. ಬಡಿಸುವವನು ಬಂದು ಕೇಳಿದಾಗ ನಗುತ್ತಾ ಕೈಯಾಡಿಸಿ ಬೇಡವೆಂದಳು. ಅವಳದು ಕಡೇ ಪಂಕ್ತಿಯಲ್ಲವೆ?

ನಾನು ಒಳಗೆ ಹೋಗಿ ದೊಡ್ಡವನನ್ನಾದರೂ ಹಿಡಿದು ಕೂರಿಸಬಹುದಿತ್ತು. ಹೆಂಡತಿ ಹೊಸ ಸೀರೆಗೆ ಪಿನ್ ಹಾಕಿಸಿಕೊಳ್ಳಲು ಕರೆಯುತ್ತಿದ್ದಳು, ಹೋದೆ.

ಒಂಬತ್ತಕ್ಕೆ ನಾವು ದೊಡ್ಡ ಸಾಹೇಬರ ಟೇಬಲ್ಲಿಗೆ ಕೂತೆವು. ಅವರು, ಅವರ ಹೆಂಡತಿ, ಇನ್ನೂ ಎರಡು ಊರಿನ ಡೀಲರುಗಳು, ಅವರ ಹೆಂಡತಿಯರು. ಎಂಟೇ ಕುರ್ಚಿ, ಎಂಟೂ ಭರ್ತಿ. ಅಲ್ಲಿಗೇ ನನಗೆ ತಿಳಿಯಬೇಕಿತ್ತು. ತಿಳಿಯಿತು ಕೂಡ. ಈಗಲೇ ಎದ್ದು ಇನ್ನೊಂದು ಕುರ್ಚಿ ಕೇಳಬೇಕು ಎಂದುಕೊಂಡೆ. ಅಷ್ಟರಲ್ಲಿ ಸಾಹೇಬರು ಶಿವಮೊಗ್ಗದ ಮಳೆಗೆ ಯಾವ ಬಣ್ಣ ತಡೆಯುತ್ತದೆ ಎಂದು ನನ್ನನ್ನೇ ಕೇಳಿದರು. ಅಷ್ಟು ದೊಡ್ಡವರು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ನಾನು ಹೇಳುತ್ತಾ ಹೋದೆ. ಅವರು ತಲೆಯಾಡಿಸುತ್ತಾ ಹೋದರು.

ಒಂಬತ್ತೂಕಾಲಕ್ಕೆ ಅವಳು ಬಾಗಿಲಲ್ಲಿ ಕಂಡಳು.

ತನ್ನ ಮದುವೆಯ ರೇಷ್ಮೆ ಸೀರೆ ಉಟ್ಟಿದ್ದಳು. ಮುಖ ತೊಳೆದು, ತಲೆ ಬಾಚಿ, ಹಣೆಗೆ ಇಟ್ಟುಕೊಂಡಿದ್ದಳು. ಹೆಗಲ ಮೇಲೆ ಅಂಗೈಯಗಲ ಒದ್ದೆಯಾಗಿತ್ತು, ಯಾವುದೋ ಮಗು ಬಾಯಿ ಒರೆಸಿದ್ದನ್ನು ತೊಳೆದುಕೊಂಡಿರಬೇಕು. ಪಕ್ಕದ ರೂಮಿನಲ್ಲಿ ದಾವಣಗೆರೆಯ ಡೀಲರೊಬ್ಬರ ವಯಸ್ಸಾದ ತಾಯಿ ಇದ್ದರು, ಮಲಗಿದ ಮಕ್ಕಳ ಹತ್ತಿರ ಅವರನ್ನು ಕೂರಿಸಿ ಬಂದಿದ್ದಳು. ಆದರೆ ನನ್ನ ಕಣ್ಣು ಬಿದ್ದದ್ದು ಅವಳ ಪಾದದ ಮೇಲೆ. ಅವಳು ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟಿದ್ದಳು. ಊಟಕ್ಕೆ ಕೂರುವ ಜಾಗಕ್ಕೆ ನಮ್ಮ ಮನೆಯಲ್ಲಿ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ. ಬೂಟು ಗೌನುಗಳ ನಡುವೆ, ಕೆಂಪು ಕಾರ್ಪೆಟ್ಟಿನ ಮೇಲೆ, ಬರಿಗಾಲಿನಲ್ಲಿ ನಿಂತಿದ್ದಳು.

ಬಾಗಿಲಲ್ಲಿ ಕೋಟು ಹಾಕಿಕೊಂಡವನು ಅವಳ ಕಾರ್ಡು ನೋಡಿ ತಲೆಯಲ್ಲಾಡಿಸಿದ. ಅವಳು ನನ್ನ ಕಡೆ ಕೈ ತೋರಿಸಿದಳು. ನನ್ನನ್ನು ಕಂಡು ಅವಳ ಮುಖ ಅರಳಿತು. ‘ಅಗೋ, ಅಲ್ಲಿದಾರೆ ನಮ್ಮವರು’ ಎನ್ನುವ ಹಾಗೆ. ಅವನು ನಮ್ಮ ಟೇಬಲ್ಲಿಗೆ ಬಂದು ಬಗ್ಗಿ, ಹಿಂದಿಯಲ್ಲಿ, ಆ ಹೆಂಗಸು ನಿಮ್ಮ ಜೊತೆಯವರೇ ಸಾರ್ ಎಂದು ಕೇಳಿದ. ಎಲ್ಲರೂ ಬಾಗಿಲ ಕಡೆ ತಿರುಗಿದರು.

‘ಯಾರು ಅವರು? ನಿಮ್ಮವರಾ?’ ಎಂದರು ಸಾಹೇಬರ ಹೆಂಡತಿ. ಕೆಟ್ಟ ದನಿಯಲ್ಲೇನೂ ಅಲ್ಲ. ಹೌದು ಎಂದಿದ್ದರೆ ಅವರೇ ಜರುಗಿ ಕೂರುತ್ತಿದ್ದರೇನೋ.

‘ಮಕ್ಕಳನ್ನ ನೋಡ್ಕೊಳ್ಳೋಕೆ ಕರ್ಕೊಂಡು ಬಂದಿದೀವಿ’ ಎಂದೆ.

ಟೇಬಲ್ಲಿನ ಕೆಳಗೆ ಹೆಂಡತಿ ನನ್ನ ಕಾಲು ತುಳಿದಳು. ‘ರೀ, ಎದ್ದು ಹೋಗ್ರೀ’ ಎಂದು ಪಿಸುಗುಟ್ಟಿದಳು. ನಾನು ಕೋಟಿನವನಿಗೆ ನನಗೆ ಬರುವಷ್ಟು ಹಿಂದಿಯಲ್ಲಿ ಅದನ್ನೇ ಹೇಳಿದೆ, ಬಚ್ಚೋಂ ಕೇ ಲಿಯೇ ಎಂದು. ಅವನು ಹೋಗಿ ಅವಳಿಗೂ ಅದೇ ಮಾತು ಹೇಳಿ, ಕೈ ಎತ್ತಿ ಮೇಲಿನ ಮಹಡಿ ತೋರಿಸಿದ. ಮೇಲೆ ಹನ್ನೊಂದರವರೆಗೂ ಬೇಕಾದ್ದು ಸಿಗುತ್ತಿತ್ತು. ಊಟ ಸಿಗದ ಹಡಗೇನಲ್ಲ ಅದು. ಈ ಒಂದು ಮಾತನ್ನು ಹಿಡಿದುಕೊಂಡೇ ನಾನು ಆ ಊಟ ಮುಗಿಸಿದೆ.

ಅವಳು ಸಿಟ್ಟು ಮಾಡಲಿಲ್ಲ. ಇನ್ನೊಂದು ಸಲ ನನ್ನ ಕಡೆ ನೋಡಲೂ ಇಲ್ಲ. ಕೋಟಿನವನಿಗೆ ತಲೆಯಾಡಿಸಿ, ಹೊರಗೆ ಹೋಗಿ, ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳತೊಡಗಿದಳು. ಪಟ್ಟಿ ಬೇಗ ಸಿಕ್ಕಲಿಲ್ಲ. ಗೋಡೆಗೆ ಒಂದು ಕೈ ಕೊಟ್ಟು ಬಹಳ ಹೊತ್ತು ಬಗ್ಗಿದ್ದಳು. ನಾನು ಎದ್ದು ಹೋಗಲು ಅಷ್ಟು ಹೊತ್ತು ಸಾಕಿತ್ತು. ಸಾಹೇಬರು ಮತ್ತೆ ಮಳೆಯ ವಿಷಯಕ್ಕೆ ಬಂದರು.

ಊಟ ಮುಗಿದ ಮೇಲೆ ಎರಡು ಬನ್ನು, ಒಂದು ತುಂಡು ಕೇಕು ಕಾಗದದ ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಲೋಟ ಕವುಚಿ ಲಾಡು ಇಟ್ಟವನಲ್ಲವೆ ನಾನು. ಅವಳ ರೂಮಿನ ಬಾಗಿಲು ತಟ್ಟಿದೆ. ಸೀರೆ ಬಿಚ್ಚಿ ನೈಟಿ ಹಾಕಿಕೊಂಡಿದ್ದಳು. ಒಳಗೆ ನಾಲ್ಕೂ ಮಕ್ಕಳು ಅಡ್ಡಾದಿಡ್ಡಿ ಮಲಗಿದ್ದವು.

‘ಏನೋ ತಪ್ಪಾಗಿದೆ ಕಣೇ, ಕಾರ್ಡಲ್ಲಿ…’ ಎಂದೆ.

‘ಪಕ್ಕದ ರೂಮಿನ ಅಜ್ಜಿ ಅವಲಕ್ಕಿ ಕೊಟ್ರು, ತಿಂದೆ. ನೀವು ಮಲಗಿ.’

ನನ್ನ ಹೆಂಡತಿಯನ್ನೂ ಸೇರಿಸಿ ‘ನೀವು’ ಎಂದಳು ಎಂದುಕೊಂಡೆ. ನನ್ನ ಹಿಂದೆ ಹೆಂಡತಿ ಇರಲಿಲ್ಲ.

ಮಾರನೇ ಬೆಳಿಗ್ಗೆ ಕೌಂಟರಿಗೆ ಹೋಗಿ ಕೇಳಿದೆ. ಅವರು ಕಂಪ್ಯೂಟರಿನಲ್ಲಿ ಏನೋ ಒತ್ತಿ, ಎರಡು ನಿಮಿಷದಲ್ಲಿ ಅವಳದನ್ನು ಒಂಬತ್ತಕ್ಕೆ ಬದಲಾಯಿಸಿಕೊಟ್ಟರು. ಎರಡೇ ನಿಮಿಷ. ಹೊಸ ಕಾರ್ಡು ಹಿಡಿದು ಅವಳನ್ನು ಹುಡುಕಿಕೊಂಡು ಹೋದೆ. ಮಕ್ಕಳನ್ನು ನೀರಿನ ತೊಟ್ಟಿಯ ಹತ್ತಿರ ಬಿಟ್ಟು ಕೂತಿದ್ದಳು. ಒಂದು ಕೈಯಲ್ಲಿ ನನ್ನ ಚಿಕ್ಕವನ ಚಡ್ಡಿ ಹಿಂಡುತ್ತಿದ್ದಳು.

‘ಸರಿ ಮಾಡ್ಸಿದೀನಿ. ಇವತ್ತು ಬಾ ನಮ್ ಜೊತೆ.’

ಕಾರ್ಡು ತೆಗೆದುಕೊಂಡು, ಓದಿ, ವಾಪಸು ಕೊಟ್ಟಳು. ‘ಬೇಡ ಬಿಡಿ. ಮಕ್ಕಳನ್ನ ನೋಡ್ಕೊಳ್ಳೋಕೆ ಯಾರಾದ್ರೂ ಇರ್ಬೇಕಲ್ಲ.’

ಕೋಟಿನವನು ಮುಟ್ಟಿಸಿದ್ದ ನನ್ನ ಮಾತನ್ನೇ ತಂದು ನನ್ನ ಕೈಗಿಟ್ಟಳು. ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಜಗಳವಾಡಬಹುದಿತ್ತು. ಜಗಳವಾಡಿದರೆ ರಾಜಿಯೂ ಆಗುತ್ತಿತ್ತು. ಉಳಿದ ಎರಡು ರಾತ್ರಿಯೂ ಅವಳು ಆರೂವರೆಗೇ ಹೋದಳು. ಹೋಗಿ ತಟ್ಟೆ ನೆಟ್ಟಗೆ ಮಾಡಿಕೊಂಡು, ಹೊಟ್ಟೆ ತುಂಬ ಊಟ ಮಾಡಿದಳಂತೆ. ನನ್ನ ದೊಡ್ಡ ಮಗ ಬಂದು ಹೇಳಿದ: ‘ಅತ್ತೆ ಎರಡು ಐಸ್ ಕ್ರೀಮ್ ತಿಂದ್ರು, ನಮಗೆ ಒಂದೇ.’

ಕ್ಷಮಿಸು ಎನ್ನಲಿಲ್ಲ ನಾನು. ಹಡಗಿನಲ್ಲೂ ಇಲ್ಲ, ಆಮೇಲೂ ಇಲ್ಲ. ಅವಳು ಮೊದಲಿನ ಹಾಗೆಯೇ ಫೋನ್ ಮಾಡುತ್ತಿದ್ದಳು, ಇಂಗ್ಲಿಷ್ ಕಾಗದಗಳನ್ನು ಓದಿ ಹೇಳುತ್ತಿದ್ದಳು. ‘ನೀವು’ ಮಾತ್ರ ಹೋಗಲಿಲ್ಲ. ಹೆಂಡತಿ ಒಂದು ದಿನ, ‘ಕಾಲಿಗೆ ಬೀಳಿ ಅನ್ನಲ್ಲ. ಒಂದು ಸಲ ಹೋಗಿ ಅವಳ ಮನೇಲಿ ಕೂತು ಅತ್ತುಬಿಡಿ’ ಎಂದಳು. ಅಂಗಡಿ ಯಾರು ನೋಡ್ಕೊಳ್ತಾರೆ ಎಂದೆ.

ಮುಂದಿನ ವರ್ಷ ಅವಳ ಮಗನ ಜಾವಳ. ಮೊದಲ ಸಲ ಮಗುವಿನ ಕೂದಲು ತೆಗೆಸುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸಬೇಕು. ಅವಳು ಗಂಡನನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಬಂದು, ಅರಿಶಿನ ಕುಂಕುಮ ಕೊಟ್ಟು, ನಮ್ಮನ್ನು ಕರೆದಳು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಆ ರಾತ್ರಿ ಊಟದ ನಡುವೆ ಸುಮ್ಮಸುಮ್ಮನೆ ನಕ್ಕೆನಂತೆ. ಮಾವನ ಸ್ಥಾನ ತಪ್ಪಿಸಲಿಲ್ಲವಲ್ಲ, ಮುಗಿಯಿತು ಎಂದುಕೊಂಡೆ.

ನ್ಯೂ ಟೌನಿನಲ್ಲಿ ಅವರ ಮನೆ ಮುಂದೆ ಶಾಮಿಯಾನ ಹಾಕಿದ್ದರು. ಮಗು ನನ್ನ ತೊಡೆಯ ಮೇಲೆ ಒದ್ದಾಡಿ ಅತ್ತಿತು, ಕೂದಲೆಲ್ಲ ನನ್ನ ಪಂಚೆಯ ಮೇಲೆ ಬಿತ್ತು. ಅವಳು ಬಂದು ಆ ಕೂದಲು ಕೊಡವಿದಳು. ಅಷ್ಟು ಹತ್ತಿರ ಅವಳು ಬಂದು ವರ್ಷವಾಗಿತ್ತು. ನಾನು ಎದ್ದು, ಅಂಗಿಯ ತೋಳು ಮಡಿಸಿ, ಸಾರಿನ ಬಕೆಟ್ ಎತ್ತಿಕೊಂಡೆ. ಅದು ಯಾವಾಗಲೂ ನನ್ನ ಕೆಲಸ.

ಅವಳು ಅಡ್ಡ ಬಂದು ಬಕೆಟ್ಟಿನ ಹಿಡಿ ಹಿಡಿದಳು.

‘ಬಿಡಿ ಅಣ್ಣ, ಹುಡುಗ್ರು ಬಡಿಸ್ತಾರೆ. ನೀವು ಮೊದಲನೇ ಪಂಕ್ತಿಗೇ ಕೂತ್ಕೊಳ್ಳಿ. ಶಿವಮೊಗ್ಗಕ್ಕೆ ವಾಪಸು ಹೋಗ್ಬೇಕಲ್ಲ, ಲೇಟಾಗುತ್ತೆ.’

‘ಶಿವಮೊಗ್ಗ ಏನು ಡೆಲ್ಲೀಲಿ ಇದೆಯೇನೇ? ನಾನು ಆಮೇಲೆ ನಿಮ್ ಜೊತೆ…’

‘ಎಲೆ ಹಾಕ್ಸಿದೀನಿ. ಏಳಿ, ಊಟಕ್ಕೆ ಏಳಿ.’

ಬಂದವರನ್ನು ಊಟಕ್ಕೆ ಎಬ್ಬಿಸುವ ಮಾತು ಅದು. ನಾನು ನಿಂತೇ ಇದ್ದೆ, ಆದರೂ ‘ಏಳಿ’ ಎಂದಳು. ಸುತ್ತ ನೆಂಟರಿದ್ದರು. ಬಕೆಟ್ಟಿನ ಹಿಡಿ ಬಿಟ್ಟೆ.

ಸಾಲಿನ ಮೊದಲ ಎಲೆಯೇ ನನ್ನದು. ತುಪ್ಪವನ್ನು ಅವಳೇ ಬಡಿಸಿದಳು. ಎರಡನೇ ಸಲ ಪಾಯಸಕ್ಕೆ ಬಂದಾಗ, ‘ಹಾಕಿಸ್ಕೊಳ್ಳಿ, ಸಂಕೋಚ ಮಾಡ್ಕೋಬೇಡಿ’ ಎಂದಳು. ಎಲೆಯಲ್ಲಿ ಲಾಡು ಎರಡಿದ್ದವು. ಎರಡೂ ಇಡಿಯಾಗಿ. ಯಾರ ಜೊತೆ ಮುರಿದುಕೊಳ್ಳಬೇಕು? ಒಂದನ್ನು ತಿನ್ನಲಾರದೆ ಎಲೆಯಲ್ಲೇ ಬಿಟ್ಟೆ. ಮಡಿಸಿದ ಎಲೆಯೊಳಗೆ ಅದು ಉಬ್ಬಿಕೊಂಡು ಕಾಣುತ್ತಿತ್ತು. ಕೈ ತೊಳೆದು ಬಂದ ಕೂಡಲೇ ತೆಂಗಿನಕಾಯಿ, ಎಲೆ ಅಡಿಕೆ ಹಾಕಿದ ತಾಂಬೂಲದ ಚೀಲ ಕೈಗಿಟ್ಟಳು.

ನನ್ನ ಹೆಂಡತಿ ಮಾತ್ರ ಬೆಳಗಿನಿಂದ ಅಡುಗೆಯವರ ಹತ್ತಿರವೇ ಇದ್ದಳು. ಅವಳನ್ನು ಯಾರೂ ಎಬ್ಬಿಸಿರಲಿಲ್ಲ.

ಮೂರು ಗಂಟೆಗೆ ಕಡೇ ಪಂಕ್ತಿ. ಶಾಮಿಯಾನದಡಿ ತಂಗಿ, ಅವಳ ಗಂಡ, ನನ್ನ ಹೆಂಡತಿ, ನಾಲ್ಕು ಮಕ್ಕಳು, ಬನಿಯನ್ನಿನಲ್ಲಿ ನಮ್ಮ ಚಿಕ್ಕಪ್ಪ. ತಂಗಿ ಯಾರದೋ ನಡಿಗೆಯ ಅಣಕ ಮಾಡಿದಳು, ನನ್ನ ಹೆಂಡತಿ ನಕ್ಕು ಕೆಮ್ಮಿದಳು. ನಾನು ಚೀಲ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದೆ. ತಡೆಯಲಾಗಲಿಲ್ಲ. ಚಪ್ಪಲಿ ಬಿಟ್ಟು, ಸಾಲಿನ ಹತ್ತಿರ ಹೋಗಿ, ಅವಳ ಪಕ್ಕ ನಿಂತೆ. ಕೂತುಬಿಡೋಣ, ಎಲೆ ಬೇಡ, ಸುಮ್ಮನೆ ಕೂರೋಣ ಎಂದುಕೊಂಡೆ.

ಅವಳ ಮಗಳು, ಹಡಗಿನಲ್ಲಿ ನಮ್ಮ ಜೊತೆ ಬಂದಿದ್ದವಳು, ತಲೆಯೆತ್ತಿ ನೋಡಿದಳು.

‘ಮಾವ, ನಿಂದು ಆಗ್ಲೇ ಆಯ್ತಲ್ಲ ಊಟ.’

‘ಹಾಗನ್ಬಾರ್ದು’ ಎಂದಳು ತಂಗಿ, ಮಗಳ ಬೆನ್ನ ಮೇಲೆ ಮೆಲ್ಲಗೆ ಒಂದು ಕೊಟ್ಟು. ನನ್ನ ಕಡೆ ನೋಡಿ ನಕ್ಕಳು ಕೂಡ. ಆದರೆ ಜರುಗಲಿಲ್ಲ.